ಹಾರ್ಲನ್‌ನ ಪುಕ್ಕಟೆ ಕರೆ

ಏಳು ವರ್ಷದ ಹಿಂದೆ ಹಾರ್ಲನ್‌ನ ಅಣ್ಣ ಓರಿನ್ ಅಲಾಸ್ಕಾದಿಂದ ಫೋನ್ ಮಾಡಿದ್ದ. ಎತ್ತಿಕೊಂಡವರೇ ದುಡ್ಡು ತೆರಬೇಕಾದ ಕರೆ ಅದು. ಒಪ್ಪಿಗೆಯೇ ಎಂದು ಆಪರೇಟರ್ ಕೇಳಿದಾಗ, ಮಹಾ ಜುಗ್ಗನಾದ ಹಾರ್ಲನ್ ಸ್ಟೌಫರ್ ಒಲ್ಲೆ ಎಂದುಬಿಟ್ಟ. ಅಣ್ಣನಿಗೆ ಮಗಳು ಹುಟ್ಟಿದ ಸುದ್ದಿ ಅದು ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಹಾರ್ಲನ್ ಪೆನ್ಸಿಲ್ವೇನಿಯಾದ ಸಣ್ಣ ಊರೊಂದರಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಅಣ್ಣನಿಗೆ ತಾನೇ ಫೋನ್ ಮಾಡಿ ಕ್ಷಮೆ ಕೇಳುವ ಆಸೆಯಿತ್ತು, ಆದರೆ ದೂರದ ಕರೆಗೆ ಮೂರು ನಿಮಿಷ ದಾಟಿದರೆ ನಿಮಿಷಕ್ಕಿಷ್ಟು ಎಂದು ದುಡ್ಡು ಏರುತ್ತಿತ್ತು, ಅವನೋ ಮಾತಿನಲ್ಲಿ ಬಹಳ ನಿಧಾನಿ. ಕ್ಷಮಿಸು ಎನ್ನುವಷ್ಟರಲ್ಲಿ ಮೂರು ನಿಮಿಷ ಮುಗಿಯುತ್ತದೆ, ಆಮೇಲೆ ಗಡಿಯಾರ ನೋಡುತ್ತಾ ಅಳುವುದು ಹೇಗೆ? ಅದಕ್ಕೇ ಸೋಪಿನ ಡಬ್ಬಿಯೊಳಗೆ ಹಳೆಯ ರೇಡಿಯೋ ಭಾಗಗಳನ್ನು ತುಂಬಿ, ಗುಂಡಿ ಒತ್ತಿದರೆ ಶಿಳ್ಳೆ ಹೊಡೆಯುವ ಒಂದು ಯಂತ್ರ ಮಾಡಿದ. ಅದನ್ನು ಫೋನಿಗೆ ಹಿಡಿದರೆ ಟೆಲಿಫೋನ್ ಕಂಪನಿ ಮೋಸಹೋಗಿ, ಎಲ್ಲಿಗೆ ಬೇಕಾದರೂ ಬಿಟ್ಟಿಯಾಗಿ ಸಂಪರ್ಕ ಕೊಡುತ್ತಿತ್ತು.

೧೯೭೧ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆಳಿಗ್ಗೆ ಪರೀಕ್ಷೆಗೆಂದು ಗುಂಡಿ ಒತ್ತಿದ್ದೇ ತಪ್ಪಾಯಿತು. ಆ ಬೀದಿಯಲ್ಲಿ ನಾಲ್ಕು ಮನೆಗೂ ಒಂದೇ ತಂತಿ. ಒಬ್ಬರು ಮಾತಾಡಿದರೆ ಉಳಿದವರು ಕದ್ದು ಕೇಳುವುದು ಅಲ್ಲಿಯ ರೂಢಿ.

"ಏನೋ ಹಾರ್ಲನ್, ಫೋನೊಳಗೆ ಹಕ್ಕಿ ಸಾಕಿದ್ದೀಯಾ?" ಎನ್ನುತ್ತ ಎದುರುಮನೆಯ ಬ್ಯೂಲಾ ಕಿಸ್ಲರ್, ಕೈಗೆ ಹತ್ತಿದ ಹಿಟ್ಟಿನ ಸಮೇತ ಓಡಿಬಂದಳು. ವಿಷಯ ತಿಳಿದದ್ದೇ ತಡ, "ನಮ್ಮ ತಂಗಿಗೆ ಒಂದೇ ಒಂದು ಮಾತು ಹೇಳ್ಬಿಡ್ತೀನಪ್ಪಾ" ಎಂದು ಕುರ್ಚಿ ಎಳೆದುಕೊಂಡಳು. ಆ ಒಂದು ಮಾತು ಒಂದೂವರೆ ಗಂಟೆ ನಡೆಯಿತು.

ಅವಳ ಹಿಂದೆಯೇ ಕ್ಷೌರಿಕ ಲೆಸ್ಟರ್ ಹಾಕ್ ಬಂದ. "ಬ್ಯೂಲಾಗೆ ಕೊಟ್ಟು ನನಗಿಲ್ಲ ಅಂದ್ರೆ, ಹುಷಾರು, ನಿನ್ನ ತಲೆ ನನ್ನ ಕತ್ತರಿ ಕೆಳಗೇ ಬರ್ಬೇಕು" ಎಂದು ಹೆದರಿಸಿದ. ಅವನ ನಾಯಿ ಶಿಳ್ಳೆಯ ಜೊತೆ ಊಳಿಟ್ಟಿದ್ದರಿಂದ ಕರೆ ದಾರಿ ತಪ್ಪಿ ಯಾವುದೋ ದೇಶದ ಮೀನಿನಂಗಡಿಗೆ ಹೋಯಿತು. ಲೆಸ್ಟರ್ ಬಿಡಲಿಲ್ಲ. ಬಾರದ ಭಾಷೆಯಲ್ಲೇ ಅರ್ಧ ಗಂಟೆ ಹಬ್ಬದ ಶುಭಾಶಯ ಹೇಳಿದ. ಒಲೆಯಲ್ಲಿದ್ದ ಹಾರ್ಲನ್‌ನ ಟರ್ಕಿ ಕೋಳಿ ಅಷ್ಟರಲ್ಲಿ ಸೀದು ಕಪ್ಪಾಗಿತ್ತು.

ಮಧ್ಯಾಹ್ನ ಇಬ್ಬರನ್ನೂ ಹೊರಗೆ ದಬ್ಬಿ, ಬಾಗಿಲು ಹಾಕಿ, ಹಾರ್ಲನ್ ಅಲಾಸ್ಕಾಕ್ಕೆ ಕರೆ ಮಾಡಿದ.

"ಅಣ್ಣಾ, ನಾನು..."

"ಹಾರ್ಲನ್? ನೀನೇನೋ?"

"ಅವತ್ತು ನಾನು ಹಾಗೆ ಮಾಡಬಾರದಿತ್ತು. ದಿನಾ ನೆನಪಾಗುತ್ತೆ ಅಣ್ಣಾ."

"ಹಬ್ಬದ ದಿನ, ಇಷ್ಟು ದೂರಕ್ಕೆ, ನಿನ್ನ ಸ್ವಂತ ದುಡ್ಡಲ್ಲಿ ಫೋನ್ ಮಾಡಿದ್ಯಲ್ಲೋ. ನನಗಿಷ್ಟು ಸಾಕು ಕಣೋ. ಈಗ ಇಟ್ಬಿಡು, ತುಂಬಾ ಖರ್ಚಾಗುತ್ತೆ."

ಹಾರ್ಲನ್‌ನ ಕಣ್ಣು ತುಂಬಿತು. ನಿಜ ಹೇಳಬೇಕೆನಿಸಿತು, ಬಾಯಿ ಬರಲಿಲ್ಲ. ಆ ಹೇಡಿತನಕ್ಕೆ ಅವನು ಆಮೇಲೆ ತನ್ನನ್ನು ಎಷ್ಟು ಶಪಿಸಿಕೊಂಡನೋ.

ತನ್ನ ಮನೆಯಲ್ಲಿ ಫೋನ್ ಕಿವಿಗಿಟ್ಟುಕೊಂಡು ಮೂಗೊರೆಸುತ್ತಿದ್ದ ಬ್ಯೂಲಾಗೆ ತಡೆಯಲಾಗಲಿಲ್ಲ. "ಅಯ್ಯೋ, ಇಡ್ಬೇಡಿ! ಸಂಜೆವರೆಗೂ ಮಾತಾಡಿ! ಶಿಳ್ಳೆ ಹೊಡೆಯೋ ಡಬ್ಬಿ ಇಟ್ಕೊಂಡು ಬಿಟ್ಟಿ ಫೋನ್ ಮಾಡ್ತಿದ್ದಾನೆ, ಅವನಿಗೆ ಒಂದು ಕಾಸೂ ಖರ್ಚಿಲ್ಲ!"

"ಇವತ್ತೂ ಒಂದು ಕಾಸು ಬಿಚ್ಚಲಿಲ್ವಾ?" ಎಂದ ಓರಿನ್. ಫೋನ್ ಕಟ್ಟಾಯಿತು.

ಹಾರ್ಲನ್ ಡಬ್ಬಿಯನ್ನು ಗೋಡೆಗೆ ಎಸೆದು ಪುಡಿಮಾಡಿ, ಆಪರೇಟರನ್ನು ಕರೆದ. "ಇದೇ ನಂಬರಮ್ಮಾ. ಎಷ್ಟಾದ್ರೂ ಆಗ್ಲಿ, ಪೂರ್ತಿ ದುಡ್ಡು ನಂದು. ಓರಿನ್ ಸ್ಟೌಫರನ್ನೇ ಕರೆದುಕೊಡಿ."

ಸ್ವಲ್ಪ ಹೊತ್ತಿನ ಮೇಲೆ ಅವಳು ಹೇಳಿದಳು: "ಅವರು ಮಾತಾಡಲ್ವಂತೆ ಸಾರ್."

"ದುಡ್ಡು ನಾನೇ ಕೊಡ್ತೀನಿ ಅಂತ ಹೇಳಮ್ಮಾ!"

"ಹೇಳಿದೆ ಸಾರ್. ನೀನು ನಿಜವಾದ ಆಪರೇಟರೇ ಅಲ್ಲ, ನೀನೂ ಆ ಡಬ್ಬಿಯೊಳಗಿನ ದನಿಯೇ ಇರ್ಬೇಕು ಅಂತ ನನಗೇ ಬೈದು ಇಟ್ಬಿಟ್ರು."