ದೆವ್ವಗಳಿಗೆ ಬಣ್ಣದ ಪ್ಯಾನ್‌ಕೇಕ್

ಹೆದರುವವರ ಮೇಲೆ ಹಾವು ಎಸೆದ ಹಾಗೆ ಎಂಬ ಮಾತು ನನ್ನನ್ನು ನೋಡಿಯೇ ಹುಟ್ಟಿರಬೇಕು. ಫೋನ್ ಬಂದರೆ ನನಗೆ ಹೆದರಿಕೆ, ಬಾರದಿದ್ದರೆ ಇನ್ನೂ ಹೆದರಿಕೆ. ವೀಸಾ ರಿನೀವಲ್‌ಗೆ ಒಂದು ವರ್ಷ ಬಾಕಿ ಇರುವಾಗಲೇ ಕನಸಿನಲ್ಲಿ ಕೌಂಟರ್ ಮುಚ್ಚಿರುತ್ತದೆ. ಇಂಥವಳ ಮನೆಯನ್ನೇ ಹುಡುಕಿಕೊಂಡು ಏನಾದರೊಂದು ಬರುತ್ತಲೇ ಇರುತ್ತದೆ. ಕಳೆದ ವರ್ಷ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲ್ಯಾಟಿಗೆ ಬಂದದ್ದು ಹ್ಯಾಲೋವೀನ್.

೧. ನೀರಿನ ಬಾಟಲಿಯ ಜೊತೆ ಊಟ

ನನ್ನ ಗಂಡನಿಗೆ ಇಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ ದೂರದ ರುವೈಸ್‌ನಲ್ಲಿ ಕೆಲಸ. ಮೊದಲು ನಾವೂ ಅಲ್ಲೇ ಕಂಪೆನಿ ಕ್ವಾರ್ಟರ್ಸ್‌ನಲ್ಲಿದ್ದೆವು. ಮಗಳ ಶಾಲೆಗೆಂದು ನಾನೂ ಅವಳೂ ಅಬುಧಾಬಿಗೆ ಬಂದೆವು, ಅವರು ರಜೆಯ ದಿನ ಬಸ್ಸು ಹತ್ತಿ ಬಂದು ಹೋಗುತ್ತಾರೆ. ರುವೈಸ್‌ನಲ್ಲಿ ಇಡೀ ಕಾಲೊನಿಯೇ ತನ್ನದೆಂಬಂತೆ ಓಡಾಡುತ್ತಿದ್ದ ಒಂಬತ್ತು ವರ್ಷದ ಹುಡುಗಿ ಹೊಸ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ನಾನು ದಿನಾ ಕೇಳುತ್ತಿದ್ದೆ, "ಇವತ್ತು ಯಾರ ಜೊತೆ ಊಟ ಮಾಡಿದಿ?"

"ನನ್ನ ವಾಟರ್ ಬಾಟಲ್ ಜೊತೆ."

ಎರಡು ತಿಂಗಳು ಇದೇ ಉತ್ತರ. ಅವಳು ತಮಾಷೆಗೆ ಹೇಳುತ್ತಿದ್ದಳೋ ಏನೋ, ನಾನು ಮಾತ್ರ ಯಾರಾದರೂ ಜೊತೆಗೆ ಕೂತಾರೆಂದು ಡಬ್ಬಿಗೆ ಇಬ್ಬರಿಗಾಗುವಷ್ಟು ತುಂಬುತ್ತಿದ್ದೆ. ಹೀಗಿರುವಾಗ ಒಂದು ದಿನ ಬ್ಯಾಗನ್ನು ಸೋಫಾಕ್ಕೆ ಎಸೆದು ಕುಣಿದಳು. ಕ್ಲಾಸಿನ ನಾಲ್ಕು ಹುಡುಗಿಯರು ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬರುತ್ತಾರಂತೆ, ಹ್ಯಾಲೋವೀನ್ ಬ್ರೇಕ್‌ಫಾಸ್ಟಿಗೆ.

"ಏನು ಮಾಡ್ಬೇಕು?" ಎಂದೆ.

"ಪ್ಯಾನ್‌ಕೇಕ್. ನಾರ್ಮಲ್ ಅಲ್ಲ ಅಮ್ಮಾ, ಸ್ಪೂಕಿ. ರೆಡ್, ಗ್ರೀನ್, ಆರೆಂಜ್. ನನ್ನ ಅಮ್ಮ ಎಕ್ಸ್‌ಪರ್ಟ್ ಅಂತ ಹೇಳಿದ್ದೇನೆ."

ನಾನು ಜನ್ಮದಲ್ಲಿ ಪ್ಯಾನ್‌ಕೇಕ್ ಮಾಡಿದವಳಲ್ಲ. "ಒಂದು ವೇಳೆ ಚೆನ್ನಾಗಿ ಆಗದಿದ್ರೆ?" ಎಂದು ಮೆಲ್ಲಗೆ ಕೇಳಿದೆ.

ಮಗಳು ಯೋಚಿಸಿ ಹೇಳಿದಳು, "ಬಾಟಲ್ ಎಲ್ಲೂ ಹೋಗ್ಲಿಲ್ಲ ಅಮ್ಮಾ, ಇಲ್ಲೇ ಉಂಟು."

೨. ಉಳಿದದ್ದು ಕಾವಲಿ

ಮಕ್ಕಳು ಒಪ್ಪಿದರೆ ಸಾಲದು, ಅಮ್ಮಂದಿರೂ ಒಪ್ಪಬೇಕು. ನಾಲ್ವರಿಗೂ ವಿನಯದಿಂದ ಮೆಸೇಜ್ ಹಾಕಿದೆ: ನಿಮ್ಮ ಮಗು ಏನಾದರೂ ತಿನ್ನುವುದಿಲ್ಲವೆ? ಈ ಪ್ರಶ್ನೆ ಕೇಳಲೇಬಾರದಿತ್ತು.

ಮೊದಲನೆಯವರು, ಮೊಟ್ಟೆ ಬೇಡ. ಎರಡನೆಯವರು, ಮೈದಾ ಗೋಧಿ ಎರಡೂ ಆಗುವುದಿಲ್ಲ. ಮೂರನೆಯವರು, ಹಾಲು ಆಗುವುದಿಲ್ಲ, ಬೆಣ್ಣೆಯನ್ನಂತೂ ಕೇಳಲೇಬೇಡಿ. ನಾಲ್ಕನೆಯವರು ಒಂದು ಪುಟ ಬರೆದರು. ಅಂಗಡಿಯ ಬಣ್ಣ ಹಾಕಬಾರದು, ಸಕ್ಕರೆ ಹಾಕಬಾರದು, ತಾನೇ ಜೊತೆಗೆ ಬಂದು ನೋಡುತ್ತೇನೆ ಎಂದೂ ಸೇರಿಸಿದ್ದರು. ಅವರನ್ನು ನಾನು ಮನಸ್ಸಿನಲ್ಲೇ ಇನ್‌ಸ್ಪೆಕ್ಟರ್ ಎಂದು ಕರೆದೆ.

ಆ ಸಂಜೆ ಗಂಡ ರುವೈಸ್‌ನಿಂದ ಫೋನ್ ಮಾಡಿದಾಗ ಎಲ್ಲ ಓದಿ ಹೇಳಿದೆ. ಮೊಟ್ಟೆ ಇಲ್ಲ, ಮೈದಾ ಇಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ, ಸಕ್ಕರೆಯಿಲ್ಲ, ಬಣ್ಣವಿಲ್ಲ.

ಅವರು, "ಕಾವಲಿ ಇಡ್ಲಿಕ್ಕೆ ಅಡ್ಡಿ ಇಲ್ಲ ಅಲ್ವಾ?" ಎಂದರು.

೩. ಡಾಕ್ಟರ ಪೆನ್ನು

ದಾರಿ ತೋರಿಸಿದವರು ಅತ್ತೆ. ಅವರು ಊರಿನಿಂದ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆ ಇದ್ದರು. ಮನೆಯಲ್ಲಿ ನಮ್ಮ ಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇಷ್ಟೆಲ್ಲ ಬಿಟ್ಟ ಮೇಲೆ ಉಳಿಯುವುದು ದೋಸೆಯೇ ಅಲ್ವಾ ಮಾರಾಯ್ತಿ? ದಪ್ಪಕ್ಕೆ ಹೊಯ್ದು ಬೇರೆ ಹೆಸರು ಹೇಳು. ಅಡುಗೆ ತಿನ್ನುವವರಿಗೆ, ಹೆಸರು ಕರೆಯುವವರಿಗೆ."

ಬೀಟ್‌ರೂಟ್ ಅರೆದು ಕೆಂಪು, ಪಾಲಕ್ ಅರೆದು ಹಸಿರು, ಚೀನಿಕಾಯಿ ಅಂದರೆ ಸಿಹಿಗುಂಬಳ ಬೇಯಿಸಿ ಕಿತ್ತಳೆ. ಬುಧವಾರ ಪರೀಕ್ಷೆಗೆಂದು ಒಂದು ಸುತ್ತು ಹೊಯ್ದೆ. ಮಗಳು ಕೆಂಪಿಗೆ ವ್ಯಾಂಪೈರ್ ಎಂದು ಹೆಸರಿಟ್ಟಳು, ಅದು ಅವಳಿಗೆ ಎಷ್ಟು ರುಚಿಸಿತೆಂದರೆ ಒಬ್ಬಳೇ ಆರು ತಿಂದಳು. ಮರುದಿನ ಬೆಳಿಗ್ಗೆ ಬಾತ್‌ರೂಮಿನಿಂದ ಕೂಗಿದಳು, "ಅಮ್ಮಾ, ಕಮ್ ಅಂಡ್ ಸೀ!" ಹೋಗಿ ನೋಡಿದೆ. ಕಮೋಡಿನ ನೀರು ಕೆಂಪಗಿತ್ತು.

ಬೀಟ್‌ರೂಟಿನ ಬಣ್ಣ ಎಂದು ನನಗೆ ಹೊಳೆಯಲೇ ಇಲ್ಲ, ಆಮೇಲಿನ ಅರ್ಧ ಗಂಟೆಯೂ ಸರಿಯಾಗಿ ನೆನಪಿಲ್ಲ. ನೈಟಿಯ ಮೇಲೆ ಇಲ್ಲಿನವರ ಕಪ್ಪು ನಿಲುವಂಗಿ ಅಬಾಯ ಹಾಕಿಕೊಂಡು ಟ್ಯಾಕ್ಸಿ ಹತ್ತಿದ್ದೆನಂತೆ. ಕ್ಲಿನಿಕ್ಕಿನಲ್ಲಿ ಮಲಯಾಳಿ ಡಾಕ್ಟರು ಗಂಭೀರವಾಗಿ ಬರೆದುಕೊಳ್ಳುತ್ತ, ನಿನ್ನೆ ರಾತ್ರಿ ಏನು ತಿಂದೆ ಎಂದು ಮಗಳನ್ನು ಇಂಗ್ಲಿಷಿನಲ್ಲಿ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಆಗಲೇ ಬೆವರತೊಡಗಿದ್ದೆ.

"ಆರು ವ್ಯಾಂಪೈರ್," ಎಂದಳು ಮಗಳು.

ಡಾಕ್ಟರ ಪೆನ್ನು ನಿಂತಿತು. ಅವರು ನನ್ನ ಕಡೆ ತಿರುಗಿದರು. "ದೊಡ್ಡದಲ್ಲ ಡಾಕ್ಟರ್, ಚಿಕ್ಕ ಚಿಕ್ಕದು," ಎಂದು ಬಿಟ್ಟೆ.

೪. ಅತ್ತೆಯ ಪೊರಕೆ

ಅದೇ ಗುರುವಾರ ಸಂಜೆ ಮಗಳು ಮನೆಯ ಶೃಂಗಾರ ಶುರುಮಾಡಿದಳು. ಹತ್ತಿಯನ್ನು ಎಳೆದೆಳೆದು ಹಾಲ್‌ನ ನಾಲ್ಕು ಮೂಲೆಗೂ ಜೇಡರ ಬಲೆ ಕಟ್ಟಿದಳು, ಎರಡು ಗಂಟೆಯ ಕೆಲಸ. ಅವಳು ಮಲಗಿ ಎದ್ದು ಬರುವಷ್ಟರಲ್ಲಿ ಅತ್ತೆ ಉದ್ದದ ಪೊರಕೆ ತೆಗೆದುಕೊಂಡು ಅಷ್ಟನ್ನೂ ಗುಡಿಸಿದ್ದರು. "ಫ್ಲ್ಯಾಟು ಅಂತ ಹೆಸರು ಮಾತ್ರ, ಒಂದೇ ದಿನದಲ್ಲಿ ಎಷ್ಟು ದಪ್ಪ ಬಲೆ ಕಟ್ಟಿದೆ ನೋಡು," ಎಂದು ನನಗೇ ಒಂದು ಪಾಠವಾಯಿತು.

ಮಗಳ ಕಣ್ಣೀರು ನಿಲ್ಲಿಸಿ, ಅತ್ತೆಗೆ ಹಬ್ಬವನ್ನು ವಿವರಿಸಲು ಕೂತೆ. ನನಗೇ ಅದರ ಬುಡ ತುದಿ ಗೊತ್ತಿಲ್ಲ. "ಆ ದಿನ ಸತ್ತವರು ಮನೆಗೆ ಬರ್ತಾರೆ ಅಂತ ಒಂದು ನಂಬಿಕೆ ಅತ್ತೆ. ಅದಕ್ಕೇ ಈ ತಿಂಡಿ, ವೇಷ ಎಲ್ಲ."

ಅತ್ತೆಯ ಮುಖ ಅರಳಿತು. "ಕುಲೆಗಳಿಗೆ ಬಡಿಸುವುದಾ? ಅದನ್ನು ಮೊದಲೇ ಹೇಳ್ಬಾರದಾ!"

ಕುಲೆ ಎಂದರೆ ನಮ್ಮ ಕಡೆ ತೀರಿಹೋದ ಹಿರಿಯರು. ವರ್ಷಕ್ಕೊಮ್ಮೆ ಅವರಿಗೆ ಎಲೆ ಹಾಕಿ, ಇಷ್ಟದ್ದನ್ನು ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದುಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಗೋಡೆಯ ಮೇಲಿದ್ದ ಮಾವನ ಫೋಟೋ ಒರೆಸುತ್ತ ಅದಕ್ಕೇ ಹೇಳುತ್ತಿದ್ದರು, "ಕೇಳಿದಿರಾ, ಇಲ್ಲಿ ಕೂಡಾ ಕ್ರಮ ಉಂಟಂತೆ. ಆದರೆ ಮೀನು ಮಾಡುವ ಅಂದಾಜಿಲ್ಲ ಇವರಿಗೆ."

೫. ಬಾಲ್ಕನಿಯ ರಕ್ತ

ಶುಕ್ರವಾರ ನನ್ನ ಚಿಂತೆಯೆಲ್ಲ ಹಿಟ್ಟಿನದು. ಮನೆಯೊಳಗೆ ಎಸಿ, ಹಿಟ್ಟು ಹುಳಿ ಬರದಿದ್ದರೆ ದೋಸೆ ಕಲ್ಲಾಗುತ್ತದೆ. ಹೊರಗೆ ಅಕ್ಟೋಬರ್ ಕೊನೆಯಲ್ಲೂ ಕೆಂಡದ ಸೆಕೆ. ಮೂರು ಬಣ್ಣದ ಮೂರು ಪಾತ್ರೆಗಳನ್ನು ಮಧ್ಯಾಹ್ನ ಬಾಲ್ಕನಿಯಲ್ಲಿಟ್ಟೆ. ಹುಳಿ ಬರಲೆಂದು ದೇವರಿಗೆ ಹರಕೆ ಬೇರೆ ಹೇಳಿದೆ. ಹರಕೆ ಸ್ವಲ್ಪ ಹೆಚ್ಚೇ ಫಲಿಸಿತು.

ನಾಲ್ಕು ಗಂಟೆಗೆ ಬೆಲ್ಲು. ಬಾಗಿಲಲ್ಲಿ ನಮ್ಮ ಕಟ್ಟಡದ ನಾತೂರ್, ಅಂದರೆ ವಾಚ್‌ಮನ್. ಪಠಾಣ, ಆರಡಿ ಆಳು. ಅವನ ಮುಖ ಬಿಳಿಚಿಕೊಂಡಿತ್ತು. "ಮೇಡಂ, ಆಪ್ ಕೇ ಬಾಲ್ಕನಿ ಸೇ ಖೂನ್ ಗಿರ್ ರಹಾ ಹೈ."

ನಮ್ಮ ಬಾಲ್ಕನಿಯಿಂದ ರಕ್ತ ಬೀಳುತ್ತಿದೆಯಂತೆ. ಓಡಿ ನೋಡಿದರೆ ಬೀಟ್‌ರೂಟ್ ಹಿಟ್ಟು ಉಬ್ಬಿ, ಪಾತ್ರೆಯಿಂದ ಇಳಿದು, ಬಾಲ್ಕನಿಯ ತೂತಿನಿಂದ ಕೆಳಗಿನ ಮನೆಯ ಗೋಡೆಯುದ್ದಕ್ಕೂ ಹರಿದಿತ್ತು. ಮುನಿಸಿಪಾಲಿಟಿ, ಪೊಲೀಸು, ಡಿಪೋರ್ಟು, ವಿಮಾನ ನಿಲ್ದಾಣದಲ್ಲಿ ಅಳುತ್ತಿರುವ ಮಗಳು ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂತು. ಖೂನ್ ಅಲ್ಲ ಭಯ್ಯಾ, ದೋಸೆ ಎಂದರೆ ಅವನು ನಂಬುತ್ತಿಲ್ಲ. ಕೊನೆಗೆ ಅವನೆದುರೇ ಕಾವಲಿ ಇಟ್ಟು, ಉಳಿದ ಹಿಟ್ಟಿನಿಂದ ಒಂದು ಹೊಯ್ದು ತಟ್ಟೆಯಲ್ಲಿ ಕೊಟ್ಟೆ. ಅವನು ಬಿಸ್ಮಿಲ್ಲಾ ಎಂದು ಒಂದು ತುಂಡು ಬಾಯಿಗಿಟ್ಟ, ಕಣ್ಣು ಮುಚ್ಚಿ ಅಗಿದ. ನಾನು ತೀರ್ಪಿಗೆ ಕಾಯುವವಳಂತೆ ನಿಂತಿದ್ದೆ.

"ಖೂನ್ ಅಚ್ಛಾ ಹೈ ಮೇಡಂ," ಎಂದ, "ನಮಕ್ ಥೋಡಾ ಕಮ್."

೬. ಬಾಗಿಲ ಹೊರಗೆ

ಶನಿವಾರ. ಗಂಡ ರಾತ್ರಿ ಪಾಳಿ ಮುಗಿಸಿ, ಬಸ್ಸಿನಲ್ಲಿ ತೂಕಡಿಸುತ್ತ ಬಂದು, ಯಾರ ಮುಖವನ್ನೂ ನೋಡದೆ ಬೆಡ್‌ರೂಮಿಗೆ ಹೋಗಿ ಬಿದ್ದುಕೊಂಡಿದ್ದರು. ನಾನು ಬೆಳಿಗ್ಗೆ ಎಂಟರಿಂದ ಒಲೆಯ ಮುಂದೆ. ಕಿತ್ತಳೆಗೆ ಒಣದ್ರಾಕ್ಷಿಯ ಕಣ್ಣು, ಹಸಿರಿಗೆ ತೆಂಗಿನ ಚೂರಿನ ಹಲ್ಲು, ಕೆಂಪಿನ ಮೇಲೆ ಬೀಟ್‌ರೂಟನ್ನು ಬೆಲ್ಲದಲ್ಲಿ ಕುದಿಸಿದ ಪಾಕ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬಂದಿತ್ತು. ಮಗಳು ಪ್ರತಿಯೊಂದನ್ನೂ ನೋಡಿ ನನ್ನ ಸೊಂಟ ತಬ್ಬಿಕೊಳ್ಳುತ್ತಿದ್ದಳು. ಪಾಪ, ಅವಳಿಗೂ ನನ್ನದೇ ಹೆದರಿಕೆ.

ಹತ್ತಕ್ಕೆ ಸರಿಯಾಗಿ ಬೆಲ್ ಆಯಿತು. ಒಲೆ ಆರಿಸಿ ಬಾಗಿಲು ತೆರೆದೆ. ನಾಲ್ಕು ಹುಡುಗಿಯರು ಮಾಟಗಾತಿಯ ಟೋಪಿ ಹಾಕಿಕೊಂಡಿದ್ದರು, ಹಿಂದೆ ಇನ್‌ಸ್ಪೆಕ್ಟರ್, ಕೈಯಲ್ಲಿ ಸ್ಯಾನಿಟೈಸರ್. ನಾನು ಬನ್ನಿ ಎನ್ನುವ ಮೊದಲೇ ಅತ್ತೆ ಅಡ್ಡ ಬಂದರು. "ಈಗ ಒಳಗೆ ಬರುವ ಹಾಗಿಲ್ಲ. ಬಡಿಸಿ ಆಗಿದೆ."

ತಿರುಗಿ ನೋಡಿದೆ. ಮಾವನ ಫೋಟೋದ ಕೆಳಗೆ ಬಾಳೆ ಎಲೆ. ಎಲೆಯ ಮೇಲೆ ಮೂರು ಬಣ್ಣದ ಪ್ಯಾನ್‌ಕೇಕ್, ಪಕ್ಕದಲ್ಲಿ ನಾನು ಏಳುವ ಮೊದಲೇ ಅತ್ತೆ ಮಾಡಿಟ್ಟಿರಬೇಕಾದ ದೊಡ್ಡ ಬಂಗುಡೆ ಫ್ರೈ, ಒಂದು ಲೋಟ ನೀರು. ನಾನು ಅಯ್ಯೋ ಎನ್ನುವಷ್ಟರಲ್ಲಿ ಅತ್ತೆ ನನ್ನನ್ನೂ ಮಗಳನ್ನೂ ಹೊರಗೆ ದೂಡಿ, ತಾನೂ ಬಂದು, ಬಾಗಿಲು ಎಳೆದುಕೊಂಡರು. ಟಕ್ಕೆಂದು ಸದ್ದಾಯಿತು. ನಮ್ಮ ಬಾಗಿಲು ಎಳೆದರೆ ತಾನಾಗಿ ಲಾಕ್ ಆಗುವಂಥದ್ದು. ಕೀ ಒಳಗೆ ಮೊಳೆಯಲ್ಲಿ, ಫೋನ್ ಒಳಗೆ ಅಡುಗೆಕಟ್ಟೆಯಲ್ಲಿ.

ಒಳಗೆ ಗಂಡ ಇದ್ದಾರೆ ಎಂಬುದು ನೆನಪಾಗಿ ಬೆಲ್ಲಿಗೆ ಕೈ ಹಾಕಿದೆ. ಅತ್ತೆ ಕೈ ಹಿಡಿದರು. "ಉಣ್ಣುವವರಿಗೆ ತೊಂದರೆ ಕೊಡ್ಬಾರದು. ಮಾತು ಕೂಡಾ ಆಡ್ಬೇಡ."

ಕಾರಿಡಾರಿನಲ್ಲಿ ಎಂಟು ಜನ ಸಾಲಾಗಿ ನಿಂತೆವು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿ, ನಾವು ಯಾರಿಗಾದರೂ ಕಾಯುತ್ತಿದ್ದೇವೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಸುಳ್ಳು ಹುಡುಕುತ್ತಿರುವಾಗ ಮಗಳು ಪಿಸುಗುಟ್ಟಿದಳು, "ನನ್ನ ಅಜ್ಜ ಆಂಟಿ. ಹೀ ಈಸ್ ಡೆಡ್. ಅವರು ಮೊದಲು ತಿಂತಾರೆ."

ಹುಡುಗಿಯರು ಒಬ್ಬರನ್ನೊಬ್ಬರು ಅಂಟಿಕೊಂಡರು. ಆಗಲೇ ಒಳಗೆ ಹೆಜ್ಜೆಯ ಸದ್ದು. ಲೋಟ ಠಣ್ಣೆಂದಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ದೀರ್ಘವಾದ, ತೃಪ್ತಿಯ ತೇಗು ಬಾಗಿಲು ದಾಟಿ ಬಂತು. ಅತ್ತೆ ಕೈ ಮುಗಿದು, "ಬಂದರು," ಎಂದರು. ಅವರ ಕಣ್ಣು ತುಂಬಿತ್ತು. ಹಸಿವಿನಿಂದ ಎದ್ದದ್ದು ಅವರ ಮಗ ಎಂದು ಹೇಳಲು ನನಗೆ ನಾಲಗೆ ಬರಲಿಲ್ಲ.

ಬಾಗಿಲು ತೆರೆಯಿತು. ಬಿಳಿ ಪಂಚೆ, ಬಿಳಿ ಬನಿಯನ್, ನಿದ್ದೆಯಲ್ಲಿ ಎದ್ದು ನಿಂತ ಕೂದಲು. ಬಾಯಿ, ಮೀಸೆ, ಎದೆಯ ಮೇಲೆಲ್ಲ ಕೆಂಪು ಪಾಕ. ಕೈಯಲ್ಲಿ ಮೀನಿನ ಮುಳ್ಳು. ನನ್ನ ಗಂಡ ಎಂಟು ಜನರನ್ನೂ ಅರೆಗಣ್ಣಿನಲ್ಲಿ ನೋಡಿ ಕೇಳಿದರು, "ಇನ್ನೊಂದು ಉಂಟಾ?"

ಆ ಕಿರುಚಾಟಕ್ಕೆ ಇಡೀ ಮಹಡಿಯ ಬಾಗಿಲುಗಳು ತೆರೆದವು. ನಾಲ್ಕೂ ಹುಡುಗಿಯರು ಮೆಟ್ಟಿಲ ಕಡೆ ಓಡಿದರು, ಅವರೆಲ್ಲರಿಗಿಂತ ಮುಂದೆ ಇನ್‌ಸ್ಪೆಕ್ಟರ್. ನೆಲದ ಮೇಲೆ ಒಂದು ಟೋಪಿ ಬಿದ್ದಿತ್ತು. ಮಗಳು ಅದನ್ನು ಎತ್ತಿಕೊಂಡು ನಿಂತಳು. ಖಲಾಸ್ ಎಂದುಕೊಂಡೆ. ನನ್ನ ಮಗುವಿನ ನಾಲ್ಕು ಗೆಳತಿಯರನ್ನು ನಾವೇ ಮೂವರು ದೊಡ್ಡವರು ಸೇರಿ ಓಡಿಸಿದೆವಲ್ಲ ಎಂದು ನಿಜಕ್ಕೂ ಅಳು ಬಂತು.

ಅಷ್ಟರಲ್ಲಿ ಮೆಟ್ಟಿಲ ಬಾಗಿಲ ಸಂದಿಯಿಂದ ಒಂದು ತಲೆ ಇಣುಕಿತು. ಟೋಪಿ ಕಳೆದುಕೊಂಡವಳದು. ಅದರ ಹಿಂದೆ ಇನ್ನೊಂದು, ಮತ್ತೊಂದು, ಮಗದೊಂದು. ಇನ್‌ಸ್ಪೆಕ್ಟರ್ ಮೆಟ್ಟಿಲಿಳಿಯುವ ಸದ್ದು ಮಾತ್ರ ಇನ್ನೂ ಕೆಳಗೆ ಕೇಳುತ್ತಿತ್ತು. ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಎಲೆ ಖಾಲಿ, ಅದರ ಮೇಲೆ ಬಂಗುಡೆಯ ತಲೆ ಮಾತ್ರ. ಗೋಡೆಯಲ್ಲಿ ಹಾರ ಹಾಕಿದ ಮಾವ. ಕೆಳಗೆ ಏನೂ ಅರ್ಥವಾಗದೆ ನಿಂತಿದ್ದ ನನ್ನ ಗಂಡ. ಅಪ್ಪನದೇ ಹಣೆ, ಅಪ್ಪನದೇ ಮೀಸೆ, ಅಪ್ಪನದೇ ಮೂಗು. ಟೋಪಿಯ ಹುಡುಗಿ ಫೋಟೋ ನೋಡಿದಳು, ಅವರನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು.

"ಈಸ್ ದ್ಯಾಟ್ ಹಿಮ್?" ಎಂದು ಮಗಳನ್ನು ಕೇಳಿದಳು.

ಗಂಡ ಬಾಯಿ ತೆರೆದರು. ಅತ್ತೆ ಸುಮ್ಮನಿರು ಎಂದು ಕಣ್ಣಲ್ಲೇ ಗದರಿಸಿದರು. ಮಗಳು ನನ್ನ ಮುಖ ನೋಡಿದಳು. ನಾನು ಜೀವನದಲ್ಲಿ ಮೊದಲ ಸಲ ಹೆದರದೆ ಬೇರೆ ಕಡೆ ನೋಡಿದೆ.

"ಯೆಸ್," ಎಂದಳು ಮಗಳು.

ಆ ಹುಡುಗಿ ಟೋಪಿ ತೆಗೆದುಕೊಂಡು, ಮಗಳ ಕೈ ಗಟ್ಟಿಯಾಗಿ ಹಿಡಿದಳು. ಸೋಮವಾರ ಊಟಕ್ಕೆ ನಿನ್ನ ಪಕ್ಕ ನಾನೇ ಕೂರುತ್ತೇನೆ ಎಂದು ಉಳಿದ ಮೂವರಿಗೂ ಕೇಳುವಂತೆ ಹೇಳಿದಳು. ಆಮೇಲೆ ನನ್ನ ಗಂಡನನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿ, ದೊಡ್ಡ ನಿಟ್ಟುಸಿರು ಬಿಟ್ಟಳು. "ಯೂ ಆರ್ ಸೋ ಲಕ್ಕಿ. ನನ್ನ ಅಜ್ಜ ಬದುಕಿದ್ದಾರೆ, ಆದ್ರೂ ಬರೀ ವಿಡಿಯೋ ಕಾಲ್‌ನಲ್ಲಿ ಬರ್ತಾರೆ."