ಬೆನ್ನಟ್ಟುವ ಅಧಿಕಾರಿ

ಕಾರಣವಿಲ್ಲದೆ ಓಡಬಾರದು ಎಂಬ ನಿಯಮ ಆ ಪುರಸಭೆಯಲ್ಲಿ ಮೊದಲು ಇರಲಿಲ್ಲ. ಯಾರೂ ಓಡುತ್ತಿರಲಿಲ್ಲವಾದ್ದರಿಂದ ಅದರ ಅಗತ್ಯವೂ ಕಂಡುಬಂದಿರಲಿಲ್ಲ.

ಅಗತ್ಯವನ್ನು ಉಂಟುಮಾಡಿದವರು ಜನನ ಮರಣ ವಿಭಾಗದ ಗುಮಾಸ್ತೆ. ಹಗಲೆಲ್ಲ ಕಿಟಕಿಯ ಹಿಂದೆ ಕೂತು, ಹುಟ್ಟಿದವರ ಕಡೆಯವರಿಗೂ ಸತ್ತವರ ಕಡೆಯವರಿಗೂ ಒಂದೇ ದನಿಯಲ್ಲಿ 'ನಾಳೆ ಬನ್ನಿ' ಎನ್ನುವುದು ಅವರ ಕೆಲಸ. ಹೀಗಿರುವಾಗ ನೂರು ಕಿಲೋಮೀಟರಿನ ಓಟವೊಂದು ನಡೆಯಲಿದೆ ಎಂದು ಎಲ್ಲೋ ಓದಿದರು. ಬೆಳಿಗ್ಗೆ ಹೊರಟು, ರಾತ್ರಿಯನ್ನೂ ಓಡಿಯೇ ಕಳೆದು, ಮಾರನೆಯ ಬೆಳಿಗ್ಗೆ ಗುರಿ ಮುಟ್ಟಬೇಕು. ಅಲ್ಟ್ರಾಮ್ಯಾರಥಾನ್ ಎಂದು ಅದರ ಹೆಸರು. ಏಕೋ ಅದು ತಲೆಗೆ ಹತ್ತಿತು.

ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಗಂಡ, "ಅಷ್ಟು ದೂರ ಬಸ್ಸಲ್ಲಿ ಹೋದ್ರೇ ಸೊಂಟ ಹಿಡ್ಕೊಳ್ಳುತ್ತೆ ಕಣೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಹೋಗೋದಾದ್ರೆ ಟಾರ್ಚ್ ತಗೊಂಡು ಹೋಗು" ಎಂದರು. ಅದನ್ನೇ ಒಪ್ಪಿಗೆ ಎಂದುಕೊಂಡು ಆಕೆ ಅಭ್ಯಾಸ ಶುರುಮಾಡಿದರು.

ರಾತ್ರಿ ಅಡುಗೆಮನೆ ಒರೆಸಿಟ್ಟು ಹೊರಡುವುದು. ಮೊದಮೊದಲು ನೀರಿನ ಟ್ಯಾಂಕಿನ ಹತ್ತಿರವೇ ಉಸಿರು ಕಟ್ಟುತ್ತಿತ್ತು. ಬರಬರುತ್ತ ಊರು ದಾಟಿ, ಸೇತುವೆ ದಾಟಿ, ಹೊತ್ತು ಮೂಡುವ ಮುಂಚೆ ತಿರುಗಿ ಬರುವಂತಾಯಿತು. ಕತ್ತಲಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಯಾರಿಗೂ ನಾಳೆ ಬನ್ನಿ ಎನ್ನಬೇಕಿರಲಿಲ್ಲ. ತನ್ನ ಹೆಜ್ಜೆಯ ಸದ್ದನ್ನು ತಾನೇ ಕೇಳುತ್ತ ಓಡುವಾಗ ಮೈ ಹತ್ತಿಯಂತೆ ಹಗುರಾಗುತ್ತಿತ್ತು.

ಒಂದು ರಾತ್ರಿ, ಶಟರ್ ಎಳೆಯುತ್ತಿದ್ದ ಬೇಕರಿಯವನು ಆಕೆಯನ್ನು ಕಂಡ. ಪುರಸಭೆಯವರು ಕುರ್ಚಿ ಬಿಟ್ಟು ಏಳುವುದೇ ಅಪರೂಪ, ಅಂಥವರು ಓಡುತ್ತಿದ್ದಾರೆಂದರೆ ಏನೋ ಆಗಿದೆ ಎಂದು ಅವನೂ ಓಡಿದ. ಅವನನ್ನು ಕಂಡು ಔಷಧಿ ಅಂಗಡಿಯವರು ಓಡಿದರು. ನೋಡನೋಡುತ್ತಿದ್ದಂತೆ ಬೀದಿಗೆ ಬೀದಿಯೇ ಮಕ್ಕಳನ್ನೂ ಟಿವಿಗಳನ್ನೂ ಎತ್ತಿಕೊಂಡು ಹಿಂದೆ ಬಿತ್ತು. ತಿರುಗಿ ನೋಡಿದ ಆಕೆ ಗಾಬರಿಯಿಂದ ಇನ್ನೂ ಜೋರಾಗಿ ಓಡಿದರು. ಜನರಿಗೆ ಅಪಾಯ ಖಚಿತವಾಯಿತು.

ಮರುದಿನ ಮುಖ್ಯಾಧಿಕಾರಿಗಳು ಆಕೆಯನ್ನು ಕರೆಸಿದರು.

"ಯಾರು ಅಟ್ಟಿಸ್ಕೊಂಡು ಬಂದಿದ್ರು?"

"ಮೊದಲು ಯಾರೂ ಇರಲಿಲ್ಲ ಸಾರ್. ಅಭ್ಯಾಸಕ್ಕೆ ಓಡ್ತಿದ್ದೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ ಸಾರ್. ಹೋಗಿ ವಾಪಸ್ ಮನೆಗೇ ಬರ್ತೀನಿ."

ಮುಖ್ಯಾಧಿಕಾರಿಗಳು ಕನ್ನಡಕ ತೆಗೆದು ಒರೆಸಿದರು. "ನೋಡಿಮ್ಮ, ಮನೇಲಿದ್ದವರು ಮನೆಗೆ ಬರೋಕೆ ಇಷ್ಟು ದೂರ ಓಡಿದ್ರು ಅಂತ ನಾನು ಮೇಲಿನವರಿಗೆ ಹೇಗೆ ಬರೀಲಿ?"

ಸಭೆ ಸೇರಿತು. ಓಟವನ್ನೇ ನಿಷೇಧಿಸೋಣವೆಂದರೆ ಬಸ್ಸು ಹಿಡಿಯುವವರಿಗೆ ತೊಂದರೆ. ದೀರ್ಘ ಚರ್ಚೆಯ ನಂತರ ಈ ಪ್ರಕಟಣೆ ಹೊರಬಿತ್ತು:

"ಸಾರ್ವಜನಿಕರ ಗಮನಕ್ಕೆ. ಪುರಸಭೆಯ ವ್ಯಾಪ್ತಿಯಲ್ಲಿ ರಾತ್ರಿ ವೇಳೆ ಓಡಬಯಸುವವರು, ತಮ್ಮನ್ನು ಯಾರಾದರೂ ಬೆನ್ನಟ್ಟುತ್ತಿರುವಾಗ ಮಾತ್ರ ಓಡತಕ್ಕದ್ದು. ಬೆನ್ನಟ್ಟಲು ಸ್ವಂತ ಜನರಿಲ್ಲದವರಿಗೆ ಪುರಸಭೆಯೇ ಒಬ್ಬರನ್ನು ಒದಗಿಸುವುದು. ಸದರಿಯವರು ಸಮವಸ್ತ್ರದಲ್ಲಿರುವುದರಿಂದ ಸಾರ್ವಜನಿಕರು ಗಾಬರಿಗೊಳ್ಳತಕ್ಕದ್ದಲ್ಲ."

ಹೀಗೆ ಬೆನ್ನಟ್ಟುವ ಅಧಿಕಾರಿಯ ಹುದ್ದೆ ಸೃಷ್ಟಿಯಾಯಿತು. ಅರ್ಹರಿಗಾಗಿ ಹುಡುಕಾಟ ನಡೆಸಲಾಗಿ, ಮುಖ್ಯಾಧಿಕಾರಿಗಳ ಭಾವಮೈದ ಅವರದೇ ಮನೆಯ ಸೋಫಾದ ಮೇಲೆ ಸಿಕ್ಕರು. ಕೆಲಸವಿಲ್ಲದೆ ಕೆಲವು ವರ್ಷಗಳಿಂದ ಅಲ್ಲೇ ಇದ್ದರು. ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವ ಮನುಷ್ಯನಾದ್ದರಿಂದ ಜೀಪು ಕೊಡಲಾಯಿತು. ಜೀಪಿಗೆ ಚಾಲಕ, ಚಾಲಕನಿಗೆ ಸಹಾಯಕ ಬಂದು, ಹುದ್ದೆ ಒಂದು ವಿಭಾಗವೇ ಆಯಿತು. "ಬೆನ್ನಟ್ಟಬೇಕು ಅಂತಿದೆ. ಓಡಬೇಕು ಅಂತ ಎಲ್ಲಿದೆ?" ಎಂದು ಮುಖ್ಯಾಧಿಕಾರಿಗಳು ಕೇಳಿದರು.

ಲೆಕ್ಕ ತಪಾಸಣೆಯವರು ಮಾತ್ರ ಆಕ್ಷೇಪವೆತ್ತಿದರು: ಕಾಲಲ್ಲಿ ಓಡುವ ಹೆಂಗಸನ್ನು ಜೀಪಿನಲ್ಲಿ ಬೆನ್ನಟ್ಟುವವರು ಇನ್ನೂ ಏಕೆ ಹಿಡಿದಿಲ್ಲ? ಹಿಡಿದರೆ ಉದ್ದೇಶ ಈಡೇರಿ ಹುದ್ದೆ ರದ್ದಾಗುವುದೆಂದು ಉತ್ತರ ಹೋಯಿತು. ಇಂಥ ಅವಘಡ ನಡೆಯದಿರಲೆಂದು, ಇಬ್ಬರ ನಡುವೆ ಸದಾ ಎರಡು ವಿದ್ಯುತ್ ಕಂಬಗಳ ಅಂತರವಿರಬೇಕೆಂಬ ತಿದ್ದುಪಡಿಯೂ ಆಯಿತು.

ಅಂದಿನಿಂದ ಆಕೆಯ ಕತ್ತಲು ಹೋಯಿತು. ಹಿಂದಿನಿಂದ ಜೀಪಿನ ಬೆಳಕು, ಅದರೊಳಗಿಂದ ಗೊರಕೆ. ಎಚ್ಚರವಿದ್ದ ದಿನ ಭಾವಮೈದ ತಲೆ ಹೊರಹಾಕಿ, "ಅಕ್ಕಾ, ಇವತ್ತು ಇನ್ನೂ ಎಷ್ಟು ದೂರ?" ಎಂದು ಕೂಗಿ ಕೇಳುತ್ತಿದ್ದರು. ಆಕೆಗೆ ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಅಭ್ಯಾಸದಲ್ಲಿ ಸೇರಿತು.

ಓಟದ ದಿನ, ವ್ಯಾಪ್ತಿಯ ಹೊರಗಾದರೂ, ಪರವೂರಿಗೆ ಬೆನ್ನಟ್ಟುವ ವಿಭಾಗವೂ ಹೋಯಿತು. ಹಗಲೆಲ್ಲ ಜೀಪು ಹಿಂಬಾಲಿಸಿತು. ಕತ್ತಲಾಗಿ ಬೆಟ್ಟದ ಕಾಲುದಾರಿ ಶುರುವಾದಾಗ ಚಾಲಕ ಎಂಜಿನ್ ಆರಿಸಿದ. ಭಾವಮೈದ ಕೆಳಗಿಳಿದು ಸಮವಸ್ತ್ರದ ಗುಂಡಿ ಹಾಕಿಕೊಂಡರು. ಓಡುವವರು ಈಗ ಯಾರೂ ಓಡುತ್ತಿರಲಿಲ್ಲ, ಕಾಲೆಳೆಯುತ್ತಿದ್ದರು. ಆದ್ದರಿಂದ ಭಾವಮೈದನಿಗೂ ಹೇಗೋ ಸಾಗಿತು.

ನಡುರಾತ್ರಿ ದಾಟಿದ ಮೇಲೆ ಆಕೆ ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಸಾಕು ಎನಿಸಿತು. ಅಲ್ಲಿ ಕಂಬಗಳಿರಲಿಲ್ಲ. ಭಾವಮೈದ ಅಂದಾಜಿನ ಮೇಲೆ ದೂರ ನಿಂತರು.

"ಏಳಿ ಅಕ್ಕ."

"ಆಗಲ್ಲಪ್ಪ. ಇಲ್ಲಿ ಬಂದು ಸ್ವಲ್ಪ ಕೈ ಕೊಡು."

"ಬಂದ್ರೆ ಹಿಡಿದ ಹಾಗಾಗುತ್ತೆ."

"ಈ ಕತ್ತಲಲ್ಲಿ ಯಾರು ನೋಡ್ತಾರೆ?"

"ನಾಳೆ ವರದಿ ನಾನೇ ಬರೀಬೇಕಲ್ಲ."

ಆಮೇಲೆ ಭಾವಮೈದ ಮೆಲ್ಲಗೆ ಹೇಳಿದರು, "ಈ ಕೆಲಸ ಹೋದ್ರೆ ಮತ್ತೆ ಆ ಸೋಫಾನೇ ಗತಿ ಅಕ್ಕ. ಭಾವ ರಿಮೋಟೂ ಮುಟ್ಟೋಕೆ ಬಿಡಲ್ಲ."

ಒಂದೇ ಕಡೆ ವರ್ಷಗಟ್ಟಲೆ ಕೂರುವುದೆಂದರೇನೆಂದು ಆಕೆಗೆ ಗೊತ್ತಿತ್ತು. "ನೀರಾದ್ರೂ ಇದೆಯಾ?" ಎಂದರು. ಅಷ್ಟು ದೂರದಿಂದ ಬಾಟಲಿ ಉರುಳಿ ಬಂತು. ಆಕೆ ಕುಡಿದು, ಬಂಡೆ ಹಿಡಿದು ಎದ್ದರು.

ಬೆಳಿಗ್ಗೆ ಗುರಿ ಮುಟ್ಟಿದಾಗ ಗಂಡ ಕುರ್ಚಿಯೊಂದನ್ನು ಎಲ್ಲಿಂದಲೋ ತಂದಿಟ್ಟುಕೊಂಡು ಕಾಯುತ್ತಿದ್ದರು. ಆಕೆ ಅದರಲ್ಲಿ ಕೂತು ಅತ್ತರು. ಎರಡು ಕಂಬದಷ್ಟು ಹಿಂದೆ ನಿಂತು ಭಾವಮೈದನೂ ಅತ್ತರು.

ಪುರಸಭೆಯಲ್ಲಿ ಸನ್ಮಾನ ನಡೆಯಿತು. ಇಷ್ಟು ದೂರ ಬೆನ್ನಟ್ಟಿಯೂ ಹಿಡಿಯದೆ ಸಂಯಮ ಮೆರೆದದ್ದಕ್ಕಾಗಿ ಭಾವಮೈದನಿಗೆ ಹಾರ ಹಾಕಲಾಯಿತು. ಆಕೆಯೂ ಚಪ್ಪಾಳೆ ತಟ್ಟಿದರು. ನಂತರ ಮುಖ್ಯಾಧಿಕಾರಿಗಳ ಬಳಿ ಹೋಗಿ, "ಸಾರ್, ನನ್ನ ಓಟ ಮುಗೀತು. ಇನ್ನು ನಿಲ್ಲಿಸ್ತೀನಿ" ಎಂದರು.

"ನಿಲ್ಲಿಸೋಕೆ ಇದು ನಿಮ್ಮ ಸ್ವಂತದ್ದಾ? ವಿಭಾಗ ನಡೀತಿದೆಯಲ್ಲಮ್ಮ. ಅವರಿಗೂ ಮನೆ ಮಠ ಇದೆ."

ಆಕೆ ಯೋಚಿಸಿದರು. "ಹಾಗಾದ್ರೆ ಶೂ ಆದ್ರೂ ಕೊಡಿಸಿ. ಇದರ ತಳ ಕಿತ್ತುಹೋಗಿದೆ."

ಬೇಡಿಕೆ ನ್ಯಾಯವಾದದ್ದೆಂದು ಸಭೆ ಒಮ್ಮತದಿಂದ ಒಪ್ಪಿತು. ಓಟಕ್ಕೆ ಸಂಬಂಧಿಸಿದ ಖರೀದಿಯೆಲ್ಲ ಬೆನ್ನಟ್ಟುವ ವಿಭಾಗದ ಮೂಲಕವೇ ಆಗಬೇಕಾದ್ದರಿಂದ, ಶೂಗಳು ಆ ವಿಭಾಗದ ಮುಖ್ಯಸ್ಥರಾದ ಭಾವಮೈದನ ಅಳತೆಗೆ ಬಂದವು. ಅಂದು ರಾತ್ರಿ ಭಾವಮೈದ ಅವನ್ನು ರಸ್ತೆಯ ಮಧ್ಯೆ ಇಟ್ಟು, ಹಿಂದೆ ಸರಿದು ಜೀಪು ಹತ್ತಿದರು. ಆಕೆ ಗಂಡನ ಕಾಲುಚೀಲಗಳನ್ನೂ ಸೇರಿಸಿ ಮೂರು ಜೊತೆ ಹಾಕಿಕೊಂಡು, ಲೇಸು ಬಿಗಿದು, ಹೊರಡೋಣ ಎಂದು ಕೈ ಎತ್ತಿದರು.