ಕೋಲ್ಡ್‌ರಿಗ್ ಗುಡ್ಡದ ನೆತ್ತಿ

ಎಲ್ಲ ಎಡವಟ್ಟಿಗೂ ಮೂಲ, ಕತ್‌ಬರ್ಟ್ ರೇಸ್ಟ್ರಿಕ್ ತನ್ನ ದಿಕ್ಸೂಚಿಯನ್ನು ಅಯಸ್ಕಾಂತದ ಮುಚ್ಚಳವಿದ್ದ ಫೋನಿನ ಜೊತೆ ಒಂದೇ ಜೇಬಿಗೆ ತುರುಕಿದ್ದು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅದರ ಮುಳ್ಳು ಮನಸ್ಸಿಗೆ ಬಂದ ಕಡೆ ತಿರುಗತೊಡಗಿತು. ಮಂಜೂ ಇಳಿಯಿತು.

ಕೋಲ್ಡ್‌ರಿಗ್ ಗುಡ್ಡದ ತಲೆ ರೊಟ್ಟಿ ಹಂಚಿನಷ್ಟು ಚಪ್ಪಟೆ. ಎಲ್ಲಿ ನೋಡಿದರೂ ಕರಿ ಕೆಸರು, ಪಾಚಿ, ಜೊಂಡು. ನೆತ್ತಿ ಇದೇ ಎಂದು ಹೇಳುವುದು ಅಲ್ಲಿನ ಕಲ್ಲುಗುಪ್ಪೆಯೊಂದೇ. ಹೋದವರೆಲ್ಲ ಅದರ ಮೇಲೊಂದು ಕಲ್ಲಿಡುವುದು ಪದ್ಧತಿ. ಇವತ್ತು ನಡಿಗೆ ಸಂಘದವರನ್ನು ಅಲ್ಲಿಗೆ ಮುಟ್ಟಿಸಿದರೆ ಮುಂದಾಳಿನ ಕೋಲು ಕತ್‌ಬರ್ಟನದು. ಇಲ್ಲವಾದರೆ ಮತ್ತೆ ಈಗಿನ ಮುಂದಾಳು ಮುರಿಯಲ್ ಮೆಟ್ಕಾಫಳದೇ. ಆ ಕೋಲಿಗಾಗಿ ಅವನು ವರ್ಷಗಟ್ಟಲೆ ಹಂಬಲಿಸಿದ್ದ.

"ರೇಸ್ಟ್ರಿಕ್ ಅವ್ರೇ, ಈ ಬೇಲಿಕಂಬ ಆಗ್ಲೇ ನೋಡಿದ್ವಲ್ಲ?" ಮುರಿಯಲ್ ಕೇಳಿದಳು.

"ಅದು ಬೇರೆ, ಇದು ಬೇರೆ ಕಣ್ರೀ."

ಇನ್ನೊಂದು ಸುತ್ತು ಹೊಡೆದಾಗ ಅದೇ ಕಂಬ. ನಿವೃತ್ತ ಪೋಸ್ಟ್‌ಮ್ಯಾನ್ ಸ್ಟ್ಯಾನ್ಲಿ ಟೋಪಿ ತೆಗೆದು ಅದಕ್ಕೆ ವಂದಿಸಿದ. "ಮತ್ತೆ ಸಿಕ್ಕಿದ್ರಲ್ಲ, ಮನೇಲೆಲ್ಲ ಸೌಖ್ಯವೇ?"

ಕತ್‌ಬರ್ಟನಿಗೆ ಬೆವರಿಳಿಯಿತು. "ನೀವೆಲ್ಲ ಚಹಾ ಕುಡೀತಿರಿ. ನೆತ್ತಿ ಇಲ್ಲೇ ಎಲ್ಲೋ ಇದೆ, ನೋಡ್ಕೊಂಡ್ ಬರ್ತೀನಿ."

ನಾಲ್ಕು ಹೆಜ್ಜೆಗೇ ಅವರು ಮಂಜಿನಲ್ಲಿ ಮಾಯವಾದರು. ಪೂರ್ವ ಯಾವುದು, ಪಶ್ಚಿಮ ಯಾವುದು ಒಂದೂ ತಿಳಿಯದೆ ತಡವರಿಸುವಾಗ ಕಾಲು ಕಲ್ಲಿಗೆ ಎಡವಿತು. ಪಾಚಿಯಲ್ಲಿ ಅರ್ಧ ಹುದುಗಿದ ಕಲ್ಲುಗಳು. ಯಾವುದೋ ಹಳೆಯ ಕುರಿದೊಡ್ಡಿ ಕುಸಿದಿರಬೇಕು! ಅವನ ಕಲ್ಪನೆಯ ನೆತ್ತಿಗುಪ್ಪೆ ಆಳೆತ್ತರದ್ದು.

ಅವನು ಅತ್ತಿತ್ತ ನೋಡಿ ಕಲ್ಲುಗಳನ್ನು ಕಿತ್ತ. ಸೊಂಟ ಕಳಚುವಂತೆ ಹೊತ್ತು, ಅನತಿ ದೂರದಲ್ಲಿ ಒಂದರ ಮೇಲೊಂದು ಪೇರಿಸಿದ.

"ಸಿಕ್ತು! ನೆತ್ತಿ ಸಿಕ್ತು!"

ಎಲ್ಲರೂ ಓಡಿ ಬಂದರು. ಕಲ್ಲಿಟ್ಟರು, ಕೈಕುಲುಕಿದರು, ಫೋಟೊ ಹೊಡೆದರು. ಮುರಿಯಲ್ ಮುಖ ಹುಳ್ಳಗೆ ಮಾಡಿಕೊಂಡು ಕೋಲು ಕೊಟ್ಟಳು. ಕತ್‌ಬರ್ಟನಿಗೆ ನಾಚಿಕೆಯೇನೋ ಆಯಿತು; ಕೋಲು ಕೈಗೆ ಬಂದ ಮೇಲೆ ಅದೂ ಹೋಯಿತು.

ಅಷ್ಟರಲ್ಲಿ ಮಂಜು ಸರಿಯಿತು. ನಾಯಿಯೊಂದಿಗೆ ಬಂದ ಕುರಿಗಾರ ಆಲ್ಡರ್ಸನ್, ಕಲ್ಲು ಕಿತ್ತಿದ್ದ ಗುಂಡಿಯ ಮುಂದೆ ನಿಂತುಬಿಟ್ಟ.

"ಯಾವ ಪುಣ್ಯಾತ್ಮನ್ರೀ ಕಿತ್ತಿದ್ದು? ನಮ್ ತಾತನ ಕಾಲದಿಂದ ನೆತ್ತಿಗುಪ್ಪೆ ಇಲ್ಲೇ ಇತ್ತಲ್ರೀ!"

ಗುಂಡಿಯಿಂದ ಹೊಸ ಗುಪ್ಪೆಯವರೆಗೆ ಬೂಟಿನ ಗುರುತುಗಳು ಸಾಲುಗಟ್ಟಿದ್ದವು. ಮುರಿಯಲ್ ಅವನ್ನೇ ನೋಡುತ್ತಾ ಬಂದು, ಮೊಣಕೈವರೆಗೆ ಕೆಸರಾಗಿದ್ದ ಕತ್‌ಬರ್ಟನ ಕೈ ನೋಡಿದಳು.

"ಹಾಗಾದ್ರೆ... ನಾನು ನಿಜವಾಗ್ಲೂ ನೆತ್ತಿಗೇ ಕರ್ಕೊಂಡ್ ಬಂದಿದ್ದೆ!" ಅವನು ಬಾಯಿ ತಪ್ಪಿ ಕಿರುಚಿದ.

"ಬಂದಿದ್ರಿ. ಆಮೇಲೆ ಕಿತ್ತಾಕಿದ್ರಿ." ಮುರಿಯಲ್ ಕೋಲಿಗೆ ಕೈಚಾಚಿದಳು.

ಕತ್‌ಬರ್ಟ್ ಮೊದಲ ಕಲ್ಲನ್ನು ವಾಪಸ್ಸು ಹೊತ್ತ. ಉಳಿದವರು ಕೂತು ಕೇಕಿನ ಡಬ್ಬಿ ಬಿಚ್ಚಿದರು.

"ನಿಧಾನಕ್ಕೆ ಮಾಡಿ ಮಾರಾಯ್ರೆ," ಎಂದ ಸ್ಟ್ಯಾನ್ಲಿ. "ಇನ್ನೊಂದ್ ಫ್ಲಾಸ್ಕ್ ಚಹಾ ಇದೆ."